ಯಾವ ಹಡಗು ಚಲೋ

ಬ್ಲೌಸಿನ ಅಳತೆ ಕೊಡಲು ಬಂದ ಕುಂಕಳ್ಯೇಕರ್ ಬಾಯಿ
ನನ್ನ ಹೊಲಿಗೆ ಮಷೀನಿನ ಮೇಲೆ ಹಡಗು ಹರವಿ ಕೂತರು.
ಮೂರು ಪುಸ್ತಕ, ಮೂರೂ ಕೆರಿಬಿಯನ್,
ಹಾಳೆ ಎಷ್ಟು ನುಣುಪೆಂದರೆ ಗುಂಡುಸೂಜಿ ಇಟ್ಟರೆ ಜಾರುತ್ತದೆ.
ನಿನ್ನ ಗಂಡ ಅಲ್ಲೇ ಅಲ್ಲವಾ, ಅಂದರು ಕೊಂಕಣಿಯಲ್ಲಿ,
ಕೇಳಿ ಹೇಳು, ಮಕ್ಕಳಿದ್ದವರಿಗೆ ಯಾವುದು ಒಳ್ಳೆಯದು?
ಎರಡು ಕೂಸು, ಹದಿಮೂರರ ಒಬ್ಬ ಸಿಡುಕ,
ಮತ್ತೆ ನಮ್ಮ ಯಜಮಾನರ ಮೊಣಕಾಲು.

ಅಲ್ಲೇ ಇದ್ದಾನೆ, ಹೌದು. ಏಳು ತಿಂಗಳಾಯಿತು.
ನೀರಿನ ಮಟ್ಟಕ್ಕಿಂತ ಕೆಳಗಿನ ಅಂತಸ್ತಿನಲ್ಲಿ
ಚಾದರ ಒಗೆಯುತ್ತಾನೆ.

ನಡುರಾತ್ರಿ ಉತ್ತರ ಬಂತು, ತುಂಡು ತುಂಡಾಗಿ,
ಹಿಂದೆ ಯಂತ್ರದ ಗುಂಯ್‌ಗುಡಿತ:

"ದೊಡ್ಡದ ಹಿಡೀರಿ ಅನ್ನು. ದೊಡ್ಡದು ತೂಗೂದು ಕಡಿಮಿ.
ರೂಮು ನಟ್ಟನಡುವ ಇರಲಿ,
ತುದೀಗೆ ಹೋದ್ರ ಹೊಟ್ಟಿ ತೊಳಸ್ತೈತಿ.
ಈಜುಕೊಳದ ಬುಡಕ ಬ್ಯಾಡೇ ಬ್ಯಾಡ,
ನಸುಕಿನ್ಯಾಗ ಕುರ್ಚಿ ಎಳದಾಡ್ತಾರ.
ಲಿಫ್ಟಿನ ಬಾಜೂಕ ಮೊಣಕಾಲಿಗೆ ಚಲೋ, ನಿದ್ದಿಗೆ ಅಲ್ಲ.
ಡೈಪರ್ ಕೂಸುಗಳನ್ನ ನೀರಿಗೆ ಬಿಡ್ತಾರೋ ಇಲ್ಲೋ
ರೊಕ್ಕ ಕಟ್ಟೂಕಿಂತ ಮೊದಲ ಕೇಳ್ಕೊಳ್ರಿ.
ಆ ದೊಡ್ಡ ಹುಡುಗಂದು ಚಿಂತಿ ಬ್ಯಾಡ,
ಏಳು ದಿನ ಅಂವ ನಿಮ್ಮ ಕಣ್ಣಿಗೇ ಬೀಳಂಗಿಲ್ಲ."

ಮತ್ತ ದ್ವೀಪ? ಅಂದೆ. ಯಾವ ದ್ವೀಪ ಚಲೋ?

ಯಂತ್ರ ಒಂದು ಸುತ್ತು ತಿರುಗಿತು.

"ನನಗೇನ ಗೊತ್ತು. ಹಡಗು ನಿಂತ ದಿನಾನ
ಕೆಲಸ ಹೆಚ್ಚಿಗಿ ಇಳೀತೈತಿ.
ಟವೆಲ್ ಝಾಡಿಸಿದ್ರ ಉಸುಕು ಉದುರ್ತೈತಿ ನೋಡು,
ಒಂದು ಊರಿಂದು ಬೆಳ್ಳಗ, ಒಂದು ಊರಿಂದು ನಸುಗುಲಾಬಿ.
ಗುಲಾಬೀದು ಚಲೋ ಇರಬೇಕು.
ಅಲ್ಲಿಂದ ಬಂದ ಗಂಟಿನ್ಯಾಗ
ಮಕ್ಕಳ ಚಡ್ಡಿ, ಒಂದೊಂದ ಚಪ್ಪಲಿ,
ಎಲ್ಲಾ ಮರತು ಬಂದಿರ್ತಾರ."

ಬೆಳಗ್ಗೆ ಎದ್ದರೆ ಮಗಳು ತೇಜು
ಮೂರನೇ ಪುಸ್ತಕದೊಳಗೆ ಮನೆ ಮಾಡಿದ್ದಳು.
ಇದು ನಿಂದು, ಬಾಲ್ಕನಿ ಐತಿ. ಇದು ನಂದು,
ಇಲ್ಲಿಂದ ಜಾರುಬಂಡಿ ಹತ್ರ.
ಅಪ್ಪಂದು ಎಲ್ಲಿ?
ನಕಾಶೆ ಮೂರನೇ ಅಂತಸ್ತಿನಿಂದಲೇ ಶುರು.
ಒಂದೂ ಇಲ್ಲ, ಎರಡೂ ಇಲ್ಲ.
ನಾನು ಚಾ ಸೋಸುವಷ್ಟರಲ್ಲಿ ಅವಳು
ಹಡಗಿನ ಹೊಟ್ಟೆಯ ಕೆಳಗೆ, ನೀಲಿ ನೀರಿನ ಮೇಲೆಯೇ
ಬಾಲ್‌ಪೆನ್ನಿನಿಂದ ಒಂದು ಚೌಕ ಬರೆದು
ಅದಕ್ಕೆ ಕಿಟಕಿ ಇಟ್ಟುಬಿಟ್ಟಿದ್ದಳು.
ಅಳಿಸಿದೆ. ಅಳಿಯಲಿಲ್ಲ. ನುಣುಪು ಹಾಳೆ, ಹರಡಿತು.

ವಾಸ್ಕೋದಲ್ಲಿ ಬಂದರಿನ ಕಡೆಯಿಂದ ಗಾಳಿ ಬೀಸಿದರೆ
ತಂತಿಯ ಮೇಲಿನ ಬಿಳಿ ಯೂನಿಫಾರ್ಮಿಗೆ
ಕಲ್ಲಿದ್ದಲ ಪುಡಿ ಕೂತಿರುತ್ತದೆ.
ಅವತ್ತೂ ಕೂತಿತ್ತು. ಮತ್ತೆ ನೆನೆಸಿಟ್ಟೆ.
ಅವನಿಗೆ ಇದನ್ನು ಹೇಳುವುದಿಲ್ಲ,
ಯಾವ ಸೋಪು ಹಾಕಬೇಕೆಂದು ಅರ್ಧ ತಾಸು ಹೇಳುತ್ತಾನೆ.

ಬಾಯಿ ಸಂಜೆ ಬಂದು ಎಲ್ಲಾ ಬರೆದುಕೊಂಡರು,
ನಡು, ಕೊಳ, ಲಿಫ್ಟು, ಡೈಪರು.
ಗುಲಾಬಿ ಉಸುಕಿನದು ಮಾತ್ರ ನಾನು ಹೇಳಲಿಲ್ಲ.
ಮೂರನೆಯದನ್ನೇ ಆರಿಸಿದರು. ಅವನ ಹಡಗಲ್ಲ ಅದು.
ಇದೇನು ಇಲ್ಲಿ ಶಾಯಿ, ಎಂದು ಹೆಬ್ಬೆರಳಿನಿಂದ ಉಜ್ಜಿ ನೋಡಿ
ಪುಸ್ತಕ ಮಡಚಿ ಚೀಲಕ್ಕೆ ಹಾಕಿದರು.

ಬಾಗಿಲಲ್ಲಿ ತಿರುಗಿ ನಿಂತರು:
ಒಳಗೆ ಎರಡು ಬೆರಳು ಬಟ್ಟೆ ಹೆಚ್ಚಿಗೆ ಬಿಡು, ಬಿಚ್ಚಲಿಕ್ಕೆ ಬರುವ ಹಾಗೆ.
ಹಡಗಿನಲ್ಲಿ ಊಟ ಬಹಳವಂತೆ.