ಬರಿ ರಾಡು

ಗೋಣಿಕೊಪ್ಪದಲ್ಲಿ, ಟೈರಂಗಡಿಯ ಮೇಲೆ
ಹದಿನೆಂಟು ಮೆಟ್ಟಿಲು. ಹತ್ತಿದ್ದು ನಲವತ್ತೊಂಬತ್ತರಲ್ಲಿ,
ಎಡಮಂಡಿ ಲಟಲಟ ಅನ್ನುತ್ತ.

"ಮೊದಲು ಬರಿ ರಾಡು ಎತ್ತಿ, ಆಂಟಿ" ಅಂದ ಅಶ್ಕರ್,
ನನ್ನ ಮೆಡಿಕಲ್ ಶಾಪಿನ ಗ್ರೈಪ್‌ವಾಟರ್ ಕುಡಿದು
ಬೆಳೆದ ಹುಡುಗ.
ಬರಿ ರಾಡೇ ಇಪ್ಪತ್ತು ಕೇಜಿ.
ಬರಿ ಅನ್ನುವ ಮಾತು ಇಷ್ಟು ಭಾರವೇ?

ಮಾರನೇ ದಿನ ಕಮೋಡಿನ ಮೇಲೆ ಕೂರಲೂ
ಗೋಡೆ ಹಿಡಿದೆ.
ಪೂವಯ್ಯ ನಕ್ಕರು. ಆಮೇಲೆ
ಎಣ್ಣೆ ಕಾಯಿಸಿ ತಂದರು.

ಅಂಗಡಿಯ ಹಳೇ ಸ್ಟಾಕ್ ಬುಕ್ಕಿನ ಹಿಂಬದಿಯಲ್ಲಿ ಬರೆದಿಟ್ಟೆ:
ಮೇ, ಇಪ್ಪತ್ತೈದು.
ಜುಲೈ, ಮೂವತ್ತು. ಕರೆಂಟಿಲ್ಲ, ಮೊಬೈಲ್ ಬೆಳಕಲ್ಲೇ ಮೂವತ್ತು.
ಕೈಲ್‌ಪೊಳ್ದ್ ವಾರ: ಪಂದಿಕರಿ, ಕಡಂಬುಟ್ಟು.

ಅಕ್ಟೋಬರಿನ ಒಂದು ರಾತ್ರಿ
ಅಂಗಡಿಯ ಶಟರು ನಾನೇ ಎಳೆದೆ, ಒಂದೇ ಉಸಿರಿಗೆ.
ದಿನಾ ಎಳೆದುಕೊಡುತ್ತಿದ್ದ ಬೇಕರಿ ಹುಡುಗ
ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಬಂದು ನಿಂತಿದ್ದ,
ಸ್ವಲ್ಪ ಪೆಚ್ಚಾಗಿ.

ಆಮೇಲೆ ಕಾಫಿ ಕೊಯ್ಲು.
ಆಳುಗಳ ಲೆಕ್ಕ, ಕಣದ ಕಾವಲು, ಅತ್ತಿಗೆಯ ಆಪರೇಷನ್.
ಮೂರು ತಿಂಗಳು
ಪುಟದಲ್ಲಿ ಜಿರಳೆ ಓಡಾಡಿದ ಗುರುತಷ್ಟೇ.

ಹೂಮಳೆ ಬಿದ್ದ ವಾರ ಮತ್ತೆ ಮೆಟ್ಟಿಲ ಬುಡದಲ್ಲಿ ನಿಂತೆ.
ಮೊದಲ ಸಲ ಮಂಡಿ ತಡೆದಿತ್ತು,
ಈ ಸಲ ನಾಚಿಕೆ.
ಹದಿನೆಂಟೇ ಇದ್ದವು, ಎಣಿಸಿದೆ.

ಅಶ್ಕರ್ ಏನೂ ಕೇಳಲಿಲ್ಲ.
ಪ್ಲೇಟುಗಳನ್ನೆಲ್ಲ ಬಿಚ್ಚಿ ಬದಿಗಿಟ್ಟ.
ಎತ್ತಿದೆ. ಇಳಿಸಿದೆ. ಎತ್ತಿದೆ.
ಕೈ ನಡುಗುತ್ತಿರುವಾಗಲೇ ಬರೆದೆ:
ಮಾರ್ಚ್, ಬರಿ ರಾಡು.

ಆಮೇಲೆ
'ಬರಿ' ಹೊಡೆದುಹಾಕಿದೆ.