ಒಂಬತ್ತನೇ ಖೋಲಿ

ಕಲಬುರಗಿ ದೊಡ್ಡ ದವಾಖಾನಿ, ಹಿಂದಿನ ಕಟ್ಟಡ, ಒಂಬತ್ತನೇ ಖೋಲಿ.
ಗುರುವಾರಕ್ಕೊಮ್ಮೆ ನುಝತ್ ಮೇಡಮ್ ಬರ್ತಾರ.
ಬಾಗಲದಾಗ ನಾನು. ಚೀಟಿ ನೋಡಿ
ಹೆಸರು ಕೂಗೋದು ನನ್ನ ಕೆಲಸ.
ಒಳಗಿನ ಮಾತು ನನ್ನ ಕೆಲಸಲ್ಲ.
ಆದ್ರ ಗ್ವಾಡಿಗೇ ಕಿವಿ ಇರ್ತಾವಂತ, ನನಗಿರಂಗಿಲ್ಲೇನು?

ಹೊರಗ ಶಾಬಾದಿ ಪರ್ಸಿ ಹಾಸಿದ ಕಟ್ಟಿ.
ಏಪ್ರಿಲ್ ಬಂತಂದ್ರ ಹತ್ತೂವರಿಗೇ ಕಾಯ್ತದ ಕಲ್ಲು,
ಸೆರಗು ಮಡಚಿ ಹಾಕ್ಕೊಂಡು ಕೂಡ್ತಾರ.
ಇಪ್ಪತ್ತೆರಡು ದಿನದ ಕೂಸು ಉಡಿಯಾಗಿಟ್ಟುಕೊಂಡ ಹುಡುಗಿ
ಅದರ ಮಾರಿ ನೋಡಂಗಿಲ್ಲ,
ಗ್ವಾಡಿ ಮ್ಯಾಲಿನ ಲಸಿಕಿ ಚಿತ್ರದಾಗಿನ ಕೂಸು ನೋಡ್ತಾಳ.
ಅಂಬುಬಾಯಿಗಿ, ಮಕ್ಕಳೆಷ್ಟು? ಅಂತ ಕೇಳಿದ್ರ
ಎರಡು ಅಂತಾಳ, ಮತ್ತ ಒಂದು ಅಂತಾಳ,
ನಾ ಒಂದು ಬರದ ಮ್ಯಾಲ, ಎರಡೇ ಬರಿಯವ್ವ ಅಂತಾಳ.
ದಾಲ್ ಮಿಲ್ಲಿನ ಹಮಾಲ ರೇವಣಪ್ಪ,
ಹುಬ್ಬಿನ ತನಕ ತೊಗರಿ ಧೂಳು,
ಮಗ ಒಳಗಿಂದ ಹಾಕ್ಕೊಂಡ ಚಿಲಕದ ಮುಂದ
ಮೂರು ತಾಸು ನಿಂತನಂತ ರಾತ್ರಿ.
"ಒದ್ದು ತೆಗೀಬಹುದಿತ್ರಿ ಮೇಡಮ್.
ತೆಗದ್ ಮ್ಯಾಲ ಏನ್ ಮಾತಾಡ್ಲಿ, ಅದು ತಿಳೀಲಿಲ್ಲ."
ಇದನ್ನ ನಾ ಯಾರಿಗೂ ಹೇಳಿಲ್ಲ.
ಈಗ ನಿಮಗಷ್ಟೇ.

ಹೋದ ಗುರುವಾರ ನಲವತ್ಮೂರು ಡಿಗ್ರಿ.
ಕಟ್ಟಿ ಮ್ಯಾಲ ಒಂದು ನಾಯಿನೂ ಇಲ್ಲ.
ಮೇಡಮ್ ಗಡಿಯಾರ ನೋಡಿದ್ರು, ನನ್ನ ನೋಡಿದ್ರು.
"ಜಗದೇವಿ, ಇವತ್ತು ನಿನ್ನ ಹೆಸರು ಕೂಗು."
ನಗಿ ಬಂತು. ನನಗೇನಾಗ್ಯದ್ರಿ?
"ಕೂಗಂತೂ ಕೂಗು."
ಹೊರಗ ಹೋಗಿ, ಖಾಲಿ ಕಟ್ಟಿಗಿ ಮಾರಿ ಮಾಡಿ
ಜಗದೇವಿ, ಅಂದೆ.
ಏ ಬಾಯಿ, ಆಯಾ, ವೈಶಾಲಿ ಅವ್ವ,
ಇಷ್ಟೇ ಕೇಳಿ ಕೇಳಿ ಇಪ್ಪತ್ನಾಲ್ಕು ವರ್ಷ.
ಕೂಗಿದಾಕೀನೂ ನಾನೇ, ಎದ್ದು ಬಂದಾಕೀನೂ ನಾನೇ.
ಕುರ್ಚಿ ಭಾಳ ಮೆತ್ತಗಿತ್ತು.
ದಿನಾ ಒರಸ್ತಿದ್ದೆ, ಕುಂತಿದ್ದಿಲ್ಲ.

ಮಗಳ ಕುಬಸಕ್ಕ ಸೇಡಂಗಿ ಹೋಗಿದ್ದೆ ಮೇಡಮ್.
ಹಸಿರು ಬಳಿ ಏರಸಾಕತ್ತಿದ್ದೆ,
"ಅವ್ವ, ನಾ ಹುಟ್ಟಿದಾಗ ಹ್ಯಾಂಗಿದ್ದೆ?" ಅಂದಳು.
ಬಳಿ ಚಟ್ಟಂತ ಒಡೀತು ನನ್ನ ಕೈಯಾಗ.
ಗೊತ್ತಿಲ್ಲ ನನಗ.
ಮೂರು ತಿಂಗಳು ನೆನಪೇ ಇಲ್ಲ.
ತವರಿಲ್ಲದಾಕಿ, ಅತ್ತಿ ಮನ್ಯಾಗೇ ಬಾಣಂತನ.
ಹೊರಸಿನ ಕೆಳಗ ಕೆಂಡ, ಅಜಿವಾನದ ಹೊಗಿ,
ಎಲ್ಲೋ ಒಂದು ಕೂಸು ಅಳೋದು, ಮಂದಿ ಮನೀದು ಇದ್ದಂಗ.
ಗಾಳಿ ಸೋಕ್ಯದ ಅಂದ್ರು. ದರ್ಗಾದಾಗ ದಾರ ಕಟ್ಟಿಸಿದ್ರು,
ನಿಂಬಿಕಾಯಿ ಇಳಿಸಿ ಮೂರು ಹಾದಿ ಕೂಡಿದಲ್ಲಿ ಒಗದ್ರು.
"ಕಲ್ಲು ಹಡದದ ಕೂಸಿನ್ನ" ಅಂದಳು ಅತ್ತಿ.
ಮತ್ತ ಆಕೀನೇ ಎರದಳು, ಆಕೀನೇ ಅರಳಿ ಬತ್ತಿ ಅದ್ದಿ ಅದ್ದಿ
ಆಡಿನ ಹಾಲು ಕುಡಿಸಿದಳು.
ಅದೂ ಖರೇ, ಇದೂ ಖರೇ.

ಮೇಡಮ್ ಭಾಳ ಹೊತ್ತು ಸುಮ್ನಿದ್ರು. ಫ್ಯಾನು ಕರಕರ ಅಂತಿತ್ತು.
"ಇದಕ್ಕೊಂದು ಹೆಸರದ ಜಗದೇವಿ.
ಜ್ವರ ಬಂದಂಗ ಬರ್ತದ, ಎಷ್ಟೋ ಮಂದಿಗಿ."
ಹೇಳಿದ್ರು. ಇಂಗ್ಲಿಷಿಂದು, ಉದ್ದ.
ಹೊರಗ ಬರೋದ್ರೊಳಗ ಅರ್ಧ ಮರ್ತೆ.
ಹೆಸರದ, ಅನ್ನೋದಷ್ಟು ಉಳೀತು.

ಸಂಜಿಕಿ ಸೂಪರ್ ಮಾರ್ಕೆಟಿನಾಗ ಹಸಿರು ಬಳಿ ಕೇಳ್ದೆ, ಒಂದೇ.
"ಡಜನ್ ಇಲ್ಲದ ಹ್ಯಾಂಗ ಕೊಡ್ಲಿ?" ಅಂದ ಬಳಿಗಾರ.
ಡಜನ್ನೇ ತಗೊಂಡೆ.
ಬಸ್ಸಿನಾಗ ನಿಂತೇ ಫೋನ್ ಹಚ್ಚಿದೆ.
ವೈಶಾಲಿ, ಹುಟ್ಟಿದಾಗ ನಾ ನಿನ್ನ ನೋಡೇ ಇಲ್ಲವ್ವ.
ಹ್ಯಾಂಗಿದ್ದೆಂತ ನಿಮ್ಮ ಆಯಿಗಿ ಗೊತ್ತಿತ್ತು, ಆಕಿ ಹೋದಳು.
ಆ ಕಡಿ ಕುಕ್ಕರ್ ಸೀಟಿ ಹೊಡೀತು. ಒಂದು. ಎರಡು.
"ನಾಲ್ಕನೇ ತಿಂಗಳದಾಗ?" ಅಂದಳು.

ನಾಲ್ಕನೇ ತಿಂಗಳದಾಗ…
ಬಸ್ಸು ತಿರುಗಿತು. ಬಿಸಿಲು ಈ ಕಿಟಕಿ ಬಿಟ್ಟು ಆ ಕಿಟಕಿಗಿ ಹೋಯ್ತು.
ನಿನ್ನ ಎಡಗಿವಿ ಹಿಂದ ಒಂದು ಮಚ್ಚಿ ಇತ್ತು, ಎಳ್ಳಿನಷ್ಟು.
ಇರುವಿ ಅಂದ್ಕೊಂಡು
ಊದಿದ್ದೆ.