ಬೆಲ್ಟು ಬಿಚ್ಚಿ

ಹೀಯುಮಾ ದ್ವೀಪದ ಹಡಗಿನ ವೇಳಾಪಟ್ಟಿ
ಎಂಟು ವರ್ಷದಿಂದ ನನ್ನ ಕೈಯಡುಗೆ.
ಆರೂವರೆಗೆ ಮೊದಲನೆಯದು. ಗಾಳಿ ಜೋರಾದರೆ ಕೆಂಪಕ್ಷರ.
ಕುರಿ ಸಾಗಿಸುವವರಿಗೆ ಬೇರೆ ದರ. ಇಷ್ಟೇ.
ಇಷ್ಟಕ್ಕೆ ಒಂದು ಸಾದಾ ಪುಟ ಸಾಕಿತ್ತು ಅಂತ
ಟಿಕೆಟ್ ಕೊಡುವ ಹೆಲ್ದುರ್ ಇವತ್ತಿಗೂ ಗೊಣಗುತ್ತಾನೆ.

ಸಾಕಿತ್ತು.
ಆದರೆ ಆಗ ಎಲ್ಲರೂ ಅದನ್ನೇ ಹಿಡಿದಿದ್ದರು.
ಸಾಗರದಾಚೆಯ ಕಂಪನಿಯೊಂದು
ತನ್ನ ಮನೆಗೆಂದು ಕಡೆದ ಚೌಕಟ್ಟು,
ಊರಿಗೂ ಇರಲೆಂದು ಬಿಟ್ಟಿತ್ತು, ಬಿಟ್ಟಿ.
ಕೋಟಿ ಕೋಟಿ ಜನ ಹೊಕ್ಕು ಹೊರಡುವ ಅರಮನೆಯ ತೊಲೆ
ಎರಡೇ ಹಡಗಿನ ನನ್ನ ಗುಡಿಸಲಿಗೆ.
ಕೆಲಸ ಕೇಳಿದ ಕಡೆಯೆಲ್ಲ ಮೊದಲ ಪ್ರಶ್ನೆ: ಅದು ಗೊತ್ತಾ?
ಗೊತ್ತು ಅಂದೆ. ಆಮೇಲೆ ಕಲಿತೆ.

ಧರ್ಮಕ್ಕೆ ಕೊಟ್ಟ ದಟ್ಟಿಯನ್ನು
ಹಿತ್ತಲಿಗೊಯ್ದು ಮೊಳ ಹಾಕಬಾರದು, ನಿಜ.
ಹಾಕಿದೆ.
ಅವರ ಮೊಳದಲ್ಲಿ ಸರಿಯಾಗಿಯೇ ಇತ್ತು.

ಜನವರಿಯಲ್ಲಿ ಪ್ರಕಟಣೆ ಬಂತು. ಆರನೆಯ ಆವೃತ್ತಿ;
ಹಳೆಯ ರೀತಿಗೆ ಇನ್ನು ಆಸರೆಯಿಲ್ಲ.
ಬರೆದ ಹುಡುಗನನ್ನು ಬಲ್ಲೆ, ಬ್ರನೋ ಊರಿನ ವೊಯ್ತೆಖ್.
ಒಮ್ಮೆ ನಡುರಾತ್ರಿ ನನ್ನ ತಪ್ಪೊಂದನ್ನು
ತಾನೇ ಹುಡುಕಿ ತಿದ್ದಿ ಕಳಿಸಿದ್ದ, ಕಾಸು ಕೇಳದೆ.
ಈಗ ಅವನಿಗೆ ಅಲ್ಲಿಂದಲೇ ಸಂಬಳ.
ವಾಕ್ಯಗಳೆಲ್ಲ ಅವನವೇ.
'ನಾವು' ಅನ್ನುವುದೊಂದು ಯಾರದೋ.

ಅದೇ ವಾರ ಕೊಲ್ಲಿ ಹೆಪ್ಪುಗಟ್ಟಿ
ಸಮುದ್ರದ ಮೇಲೆ ರಸ್ತೆ ತೆರೆದರು.
ಬಾಯಲ್ಲಿ ಫಲಕ: ಬೆಲ್ಟು ಬಿಚ್ಚಿ. ನಡುವೆ ನಿಲ್ಲಬೇಡಿ.
ಮುಂದಿನ ಗಾಡಿಯಿಂದ ದೂರವಿರಿ.
ದಿನಾ ಬೆಳಿಗ್ಗೆ ಕಿತ್ತಳೆ ಕೋಟಿನವನೊಬ್ಬ
ತೂತು ಕೊರೆದು, ದಪ್ಪ ಅಳೆದು, ಬರೆದು ತೂಗುಹಾಕುತ್ತಾನೆ.
ಹೊಲೆರಸ್ತೆಯೆಂದು ಬೈಯುವವರೂ ಅವನ ಅಂಕಿ ನೋಡಿಯೇ
ಗೇರು ಹಾಕುತ್ತಾರೆ.

ನನ್ನ ರಸ್ತೆಗೆ ಅಂಥವನೊಬ್ಬನಿಲ್ಲ.
ಅದರ ಕೆಳಗಿನ ನೀರು ಯಾವಾಗ ತಿರುಗುತ್ತದೆಂದು
ಅಲ್ಲಿ ಯಾವುದೋ ಕೋಣೆಯಲ್ಲಿ, ಮೂರು ತಿಂಗಳ ಲೆಕ್ಕದಲ್ಲಿ,
ಯಾರೋ ತೀರ್ಮಾನಿಸುತ್ತಾರೆ.
ಕೆಟ್ಟವರೇನಲ್ಲ. ಅವರಿಗೆ ಕುರಿ ಗೊತ್ತಿಲ್ಲ.

ತಿಂಗಳಿಡೀ ಕೂತು ಎಲ್ಲ ಬಿಚ್ಚಿ ಹೊಲಿದೆ.
ಹೆಲ್ದುರ್ ಕನ್ನಡಕ ಏರಿಸಿ ನೋಡಿದ.
ಆರೂವರೆ ಇದೆ. ಕೆಂಪಕ್ಷರ ಇದೆ.
'ಏನು ಮಾಡಿದೆ ಇಷ್ಟು ದಿನ, ಮಾರಿಕಾ?'
'ನಿಲ್ಲದೆ ಓಡಿಸಿದೆ' ಅಂದೆ.

ಅವನ ಕಿಟಕಿಯ ಗಾಜಿಗೆ ಒಳಗಿನಿಂದ ಅಂಟಿಸಿದ ಹಾಳೆ,
ನೀಲಿ ಪೆನ್ನಿನ ಕೈಬರಹ, ಅಂಚು ಹಳದಿಯಾಗಿದೆ.
ಹದಿಮೂರು ವರ್ಷ ಹಳೆಯದು; ಈಗಲೂ ಎಲ್ಲ ಸರಿ,
ಕುರಿಯ ದರವೊಂದನ್ನು ಬಿಟ್ಟರೆ.